ಸಿಂಗಪುರದ ಗಂಟು

1967ನೆಯ ಇಸವಿ ನವೆಂಬರ್ 18, ಶನಿವಾರ. ಆ ರಾತ್ರಿ ಲಂಡನ್ನಿನಿಂದ ಒಂದು ಪ್ರಕಟಣೆ ಹೊರಟಿತು. ಬ್ರಿಟಿಷ್ ಪೌಂಡಿಗೆ ಅದುವರೆಗೆ 2 ಡಾಲರ್ 80 ಸೆಂಟು ಬೆಲೆಯಿತ್ತು. ಇನ್ನು ಮುಂದೆ 2 ಡಾಲರ್ 40 ಸೆಂಟು ಮಾತ್ರ. ಶೇಕಡಾ 14ಕ್ಕಿಂತ ಸ್ವಲ್ಪ ಹೆಚ್ಚಿನ ಇಳಿತ. ಇದು ಇಂಗ್ಲೆಂಡಿನವರ ಮನೆವಾರ್ತೆ, ನಮಗೇನು ಎಂದು ಸಿಂಗಪುರದ ಜನ ಸುಮ್ಮನಿರುವ ಹಾಗಿರಲಿಲ್ಲ. ಆಗ ಅಲ್ಲಿಯ ಗೃಹಿಣಿಯ ಪೆಟ್ಟಿಗೆಯಲ್ಲಿ ಎರಡು ಬಗೆಯ ನೋಟುಗಳಿದ್ದವು. ಒಂದು, ಮಲಯ ಮತ್ತು ಬ್ರಿಟಿಷ್ ಬೋರ್ನಿಯೊ ನಾಡುಗಳಿಗೆಲ್ಲ ಸೇರಿ ಚಲಾವಣೆಯಲ್ಲಿದ್ದ ಹಳೆಯ ಡಾಲರ್. ಇನ್ನೊಂದು, ಅದೇ ವರ್ಷ ಜೂನ್ ತಿಂಗಳಲ್ಲಿ ಸಿಂಗಪುರ ಹೊರಡಿಸಿದ ಹೊಸ ಡಾಲರ್. ಶನಿವಾರದವರೆಗೆ ಎರಡಕ್ಕೂ ಬೆಲೆ ಸರಿಸಮ. ಆಮೇಲೆ ಹಳೆಯ ಡಾಲರಿಗೆ ಹೊಸದರ ಲೆಕ್ಕದಲ್ಲಿ 85 ಸೆಂಟು ಮಾತ್ರ.

ಹಳೆಯ ನೋಟನ್ನು ಜೋಪಾನವಾಗಿ ಮಡಿಸಿಟ್ಟವರು ಮಾಡಿದ ತಪ್ಪೇನು? ಏನೂ ಇಲ್ಲ. ಆ ನೋಟಿಗೆ ಆಧಾರವಾಗಿದ್ದ ಹಣ ಲಂಡನ್ನಿನಲ್ಲಿ ಪೌಂಡಿನ ರೂಪದಲ್ಲಿತ್ತು, ಪೌಂಡು ಕುಸಿದಾಗ ಇದೂ ಕುಸಿಯಿತು. ನೆರೆಯ ಮಲೇಷ್ಯಕ್ಕೆ ಸೇರಿದ ಪೆನಾಂಗಿನಲ್ಲಿ ಇದೇ ಕಾರಣಕ್ಕೆ ಹರತಾಳವಾಗಿ, ಅದು ದೊಂಬಿಗೆ ತಿರುಗಿ, ಪ್ರಾಣಹಾನಿಯೂ ಆಯಿತು. ದೂರದ ಊರೊಂದರಲ್ಲಿ ಇಟ್ಟ ಹಣದ ಕಥೆ ಹೀಗೆ ಮನೆಯ ಅಡಿಗೆಯ ಒಲೆಯವರೆಗೂ ಬರುತ್ತದೆ. ಸರಕನ್ನು ಹೊರದೇಶಗಳಿಗೆ ಮಾರಿಯೇ ಬದುಕಬೇಕಾದ ಒಂದು ನಾಡು ತಾನು ಗಳಿಸಿದ ಪರನಾಣ್ಯವನ್ನು ಎಲ್ಲಿ ಇಡುತ್ತದೆ, ಹೇಗೆ ಬೆಳೆಸುತ್ತದೆ, ಅದು ಕಡೆಗೆ ಯಾರ ಹಣ ಎಂಬ ವಿಷಯವನ್ನು ಸಿಂಗಪುರದ ಅನುಭವದಿಂದ ನೋಡಬಹುದು.

ಇಂಥ ಪೆಟ್ಟು ನಮಗೂ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಭಾರತದ ಹೆಸರಿನಲ್ಲಿ ಲಂಡನ್ನಿನಲ್ಲಿ ಸಾವಿರ ಕೋಟಿ ರೂಪಾಯಿಗೂ ಮೀರಿದ ಸ್ಟರ್ಲಿಂಗ್ ಶಿಲ್ಕು ಇತ್ತು. ಯುದ್ಧಕಾಲದಲ್ಲಿ ಇಲ್ಲಿಂದ ಒಯ್ದ ದವಸಕ್ಕೆ, ಬಟ್ಟೆಗೆ, ಸೈನ್ಯದ ವೆಚ್ಚಕ್ಕೆ ಬ್ರಿಟನ್ ಬರೆದುಕೊಟ್ಟ ಬಾಕಿ ಅದು. 1949ರಲ್ಲಿ ಪೌಂಡು ಇಳಿಯಿತು, ರೂಪಾಯಿಯೂ ಅದರ ಜೊತೆಗೇ ಇಳಿಯಿತು. ಉಳಿದ ಶಿಲ್ಕಿನ ಬಹುಭಾಗ ಎರಡನೆಯ ಪಂಚವಾರ್ಷಿಕ ಯೋಜನೆಯ ಯಂತ್ರಗಳಿಗೆ ಸಂದುಹೋಯಿತು. ನಮ್ಮದು ದೊಡ್ಡ ದೇಶ. ಬೆಳೆದುಕೊಂಡು ತಿನ್ನಲು ಹೊಲವಾದರೂ ಉಂಟು. ಸಿಂಗಪುರಕ್ಕೆ ಅದೂ ಇರಲಿಲ್ಲ.

1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರೆಯಾದಾಗ ಆ ದ್ವೀಪದಲ್ಲಿ ಸುಮಾರು 19 ಲಕ್ಷ ಜನ. ಅಕ್ಕಿ ಹೊರಗಿನಿಂದ ಬರಬೇಕು. ಕುಡಿಯುವ ನೀರಿನಲ್ಲಿ ಹೆಚ್ಚಿನ ಪಾಲು ಕಡಲ ಕಾಲುವೆಯಾಚೆ ಜೊಹೊರಿನಿಂದ ಕೊಳವೆಯಲ್ಲಿ ಬರಬೇಕು. ಬ್ರಿಟಿಷರ ಸೈನಿಕ ನೆಲೆ ನಾಡಿನ ವರಮಾನದ ಐದನೆಯ ಒಂದು ಪಾಲಿಗೆ ಆಸರೆಯಾಗಿತ್ತು. 1968ರ ಜನವರಿಯಲ್ಲಿ ಬ್ರಿಟಿಷರು ಅದನ್ನೂ ತೆಗೆಯುವುದಾಗಿ ಹೇಳಿಬಿಟ್ಟರು. ಉಳಿದ ದಾರಿ ಒಂದೇ: ಏನಾದರೂ ತಯಾರಿಸಿ ಹೊರಗೆ ಮಾರುವುದು.

ಈ ದಾರಿಯನ್ನು ಹಿಡಿಸಿದವರಲ್ಲಿ ಮುಖ್ಯರು ಡಾಕ್ಟರ್ ಗೋಹ್ ಕೆಂಗ್ ಸ್ವೀ. ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ ಬಂದವರು, ಹಣಕಾಸಿನ ಮಂತ್ರಿಯಾಗಿದ್ದವರು. ಜುರಾಂಗ್ ಎಂಬ ಕಡೆ ಜೌಗು ನೆಲವನ್ನು ತುಂಬಿಸಿ ಕಾರ್ಖಾನೆಗಳ ಬಡಾವಣೆ ಮಾಡಲು 1961ರಲ್ಲಿ ಕೈಹಾಕಿದರು. ಮೊದಲ ಕೆಲವು ವರ್ಷ ಅಲ್ಲಿಗೆ ಕಾರ್ಖಾನೆಗಳು ಸಾಕಷ್ಟು ಬರಲಿಲ್ಲ. ಜನ ಅದಕ್ಕೆ ‘ಗೋಹ್ ಅವರ ಹುಚ್ಚು’ ಎಂದು ಹೆಸರಿಟ್ಟರು. ಆಮೇಲೆ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಕಂಪನಿಗಳು ಸಿಂಗಪುರಕ್ಕೆ ಬಂದವು, ಹೆಣ್ಣುಮಕ್ಕಳು ಸಾಲಾಗಿ ಕೂತು ಸಣ್ಣ ಸಣ್ಣ ವಿದ್ಯುತ್ ಭಾಗಗಳನ್ನು ಜೋಡಿಸತೊಡಗಿದರು, ಡಾಲರು ಹರಿದುಬರತೊಡಗಿತು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಬಂದ ಡಾಲರಿನಿಂದ ಅಲ್ಲಿಯೇ ಶಾಲೆ, ಆಸ್ಪತ್ರೆ, ರಸ್ತೆ ಕಟ್ಟಿಸಬಾರದೆ? ಪರದೇಶದಲ್ಲಿ ಯಾಕೆ ಬಡ್ಡಿಗೆ ಹಾಕಬೇಕು? ತಿಳಿದವರೂ ಈ ಪ್ರಶ್ನೆ ಕೇಳುವುದುಂಟು. ಉತ್ತರ ಸರಳ. ಅಮೆರಿಕದ ಡಾಲರನ್ನು ಸಿಂಗಪುರದ ಗಾರೆಯವನು ಕೂಲಿಯಾಗಿ ತೆಗೆದುಕೊಂಡು ಏನು ಮಾಡಬೇಕು? ಅವನಿಗೆ ಬೇಕಾದದ್ದು ತನ್ನ ಊರಿನ ಅಂಗಡಿಯಲ್ಲಿ ನಡೆಯುವ ನಾಣ್ಯ. ಡಾಲರ್ ಎನ್ನುವುದು ಹೊರಗಿನ ಸರಕನ್ನು ಕೊಳ್ಳುವ ಹಕ್ಕು. ಆಸ್ಪತ್ರೆಗೆ ಹೊರದೇಶದ ಯಂತ್ರ ತರಿಸಬೇಕಾದರೆ ಅದು ನೆರವಾಗುತ್ತದೆ, ಕಟ್ಟಡದ ಕೂಲಿಗೆ ಆಗುವುದಿಲ್ಲ. ತರಿಸಬೇಕಾದದ್ದನ್ನೆಲ್ಲ ತರಿಸಿದ ಮೇಲೂ ಮಿಕ್ಕದ್ದನ್ನು ಹೊರಗೇ ಎಲ್ಲಾದರೂ ಇಡಬೇಕು.

ಅದು ಮಿಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾರ್ಖಾನೆಯವನು ಸರಕು ಮಾರಿ ಡಾಲರ್ ತಂದ. ಕೆಲಸಗಾರರ ಸಂಬಳಕ್ಕೆ ಸಿಂಗಪುರದ ನಾಣ್ಯ ಬೇಕು. ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡ. ಎಲ್ಲರೂ ಹೀಗೆ ಡಾಲರ್ ಮಾರಲು ನಿಂತರೆ ಡಾಲರ್ ಅಗ್ಗವಾಗುತ್ತದೆ, ಸಿಂಗಪುರದ ನಾಣ್ಯ ತುಟ್ಟಿಯಾಗುತ್ತದೆ. ನಾಣ್ಯ ಒಮ್ಮೆಲೇ ತುಟ್ಟಿಯಾದರೆ ಅವರ ಸರಕು ಹೊರಗಿನವರಿಗೆ ತುಟ್ಟಿಯಾಗಿ ಮಾರಾಟ ಕುಗ್ಗುತ್ತದೆ. ಅದಕ್ಕಾಗಿ ಅಲ್ಲಿಯ ಮಾನಿಟರಿ ಅಥಾರಿಟಿ, ಅಂದರೆ ನಮ್ಮ ರಿಸರ್ವ್ ಬ್ಯಾಂಕಿನ ಕೆಲಸ ಮಾಡುವ ಸಂಸ್ಥೆ, ತಾನೇ ಪೇಟೆಗೆ ಇಳಿದು ಡಾಲರ್ ಕೊಳ್ಳುತ್ತದೆ. ಕೊಂಡದ್ದು ರಾಶಿಯಾಗುತ್ತದೆ. ಆ ರಾಶಿಯೇ ವಿದೇಶೀ ವಿನಿಮಯದ ಮೀಸಲು ನಿಧಿ.

ಆದರೆ ಡಾಲರ್ ಕೊಳ್ಳುವಾಗ ಅಥಾರಿಟಿ ಊರಿನೊಳಗೆ ಹೊಸ ಹಣವನ್ನು ಬಿಟ್ಟಂತಾಯಿತಷ್ಟೆ? ಆ ಹಣವೆಲ್ಲ ಪೇಟೆಯಲ್ಲಿ ಸುತ್ತಾಡಿದರೆ ಬೆಲೆಗಳು ಏರದೆ ಇರುತ್ತವೆಯೆ? ಅನೇಕ ದೇಶಗಳಲ್ಲಿ ರಿಸರ್ವ್ ಬ್ಯಾಂಕು ಆಮೇಲೆ ಸಾಲಪತ್ರ ಮಾರಿ ಆ ಹಣವನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಸಿಂಗಪುರದಲ್ಲಿ ಈ ಹೀರುವ ಕೆಲಸ ಬೇರೆ ಕಡೆಯಿಂದ ಮೊದಲೇ ನಡೆದಿರುತ್ತದೆ. ಅಲ್ಲಿಯ ಸೆಂಟ್ರಲ್ ಪ್ರಾವಿಡೆಂಟ್ ಫಂಡು ಬ್ರಿಟಿಷರ ಕಾಲದ್ದು, 1955ರದು. ಆರಂಭದಲ್ಲಿ ಕೆಲಸಗಾರನ ಸಂಬಳದಿಂದ ಶೇಕಡಾ 5, ಧಣಿಯಿಂದ ಶೇಕಡಾ 5 ಕಟ್ಟಬೇಕಾಗಿತ್ತು. 1984ರ ಹೊತ್ತಿಗೆ ಅದು 25 ಮತ್ತು 25 ಆಯಿತು! ಸಂಬಳದ ಅರ್ಧದಷ್ಟು ಹಣ ಕೈಗೆ ಬರುವ ಮೊದಲೇ ಫಂಡಿಗೆ ಹೋಗುತ್ತಿತ್ತು. ಫಂಡು ಆ ಹಣದಿಂದ ಸರ್ಕಾರದ ವಿಶೇಷ ಸಾಲಪತ್ರಗಳನ್ನು ಕೊಳ್ಳುತ್ತದೆ. ಹಣ ಸರ್ಕಾರದ ಖಾತೆ ಸೇರಿ ಪೇಟೆಯಿಂದ ಮರೆಯಾಗುತ್ತದೆ. ಪೇಟೆಯಲ್ಲಿ ಬಿದ್ದ ಆ ಕೊರತೆಯನ್ನು ಅಥಾರಿಟಿ ಡಾಲರ್ ಕೊಂಡು ತುಂಬುತ್ತದೆ.

ಇದನ್ನು ಇನ್ನೊಮ್ಮೆ ಯೋಚಿಸಿ ನೋಡಿ. ಬಂದರಿನಲ್ಲಿ ಮೂಟೆ ಹೊರುವವನ ಪ್ರಾವಿಡೆಂಟ್ ಫಂಡಿನ ಹಣವೇ ಸುತ್ತಿ ಬಳಸಿ, ವೇಷ ಬದಲಿಸಿ, ನ್ಯೂಯಾರ್ಕಿನ ಸಾಲಪತ್ರವಾಗಿಯೋ ಲಂಡನ್ನಿನ ಕಟ್ಟಡವಾಗಿಯೋ ನಿಂತಿರುತ್ತದೆ. ಪತ್ರಿಕೆಗಳಲ್ಲಿ ‘ಸಿಂಗಪುರದ ಅಪಾರ ನಿಧಿ’ ಎಂದು ಓದಿದಾಗ ಅದನ್ನು ಯಾರೋ ಕುಬೇರನ ಭಂಡಾರವೆಂದು ತಿಳಿಯುತ್ತೇವೆ. ಅದರಲ್ಲಿ ಒಂದು ಭಾಗ ಸರ್ಕಾರ ತನ್ನ ಪ್ರಜೆಗಳಿಗೇ ತೀರಿಸಬೇಕಾದ ಸಾಲ. ಇನ್ನೊಂದು ಭಾಗ ಮಾತ್ರ ವರ್ಷವರ್ಷವೂ ಖರ್ಚಿಗಿಂತ ವರಮಾನ ಹೆಚ್ಚಿದ್ದು ಉಳಿದ ಸ್ವಂತ ಗಳಿಕೆ.

ಮತ್ತೆ 1967ಕ್ಕೆ ಬರುತ್ತೇನೆ. ಪೌಂಡು ಇಳಿದಾಗ ಗೋಹ್ ಅವರು ಹೊಸ ಡಾಲರನ್ನು ಇಳಿಸಗೊಡಲಿಲ್ಲ. ಆದರೆ ಒಬ್ಬರ ಮಾತನ್ನೇ ನಂಬಿ ಎಲ್ಲ ಹಣವನ್ನೂ ಅವರ ಮನೆಯಲ್ಲಿಡುವುದರ ಫಲ ಕಣ್ಣಿಗೆ ಕಂಡಿತ್ತು. 1968ರಲ್ಲಿ ಸಿಂಗಪುರ ಸದ್ದಿಲ್ಲದೆ ದಕ್ಷಿಣ ಆಫ್ರಿಕದಿಂದ 100 ಟನ್ನು ಚಿನ್ನ ಕೊಂಡಿತು, ಔನ್ಸಿಗೆ ಸುಮಾರು 40 ಡಾಲರಿನಂತೆ. ಬಣ್ಣಭೇದದ ಆ ಸರ್ಕಾರದೊಡನೆ ವ್ಯವಹಾರವೆಂದರೆ ಬಹಿರಂಗವಾಗಿ ಹೇಳಿಕೊಳ್ಳುವ ಮಾತಾಗಿರಲಿಲ್ಲ. ಚಿನ್ನದ ಬೆಲೆ ಆಮೇಲೆ ಎಲ್ಲಿಗೆ ಹೋಯಿತೆಂಬುದನ್ನು ನಮ್ಮ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಪೌಂಡಿನಲ್ಲೇ ಉಳಿದಿದ್ದ ಹಣಕ್ಕೆ ಬ್ರಿಟನ್ನು ಅದೇ ವರ್ಷ ಡಾಲರಿನ ಲೆಕ್ಕದಲ್ಲಿ ಖಾತರಿ ಕೊಡಬೇಕಾಯಿತು. ಸಿಂಗಪುರದಂಥ ದೇಶಗಳೆಲ್ಲ ತಮ್ಮ ಗಂಟನ್ನು ಒಟ್ಟಿಗೆ ತೆಗೆದುಬಿಟ್ಟರೆ ಪೌಂಡಿನ ಗತಿಯೇನೆಂಬ ಭಯ ಅದಕ್ಕೂ ಇತ್ತು. ಸಾಲಗಾರನೂ ಒಮ್ಮೊಮ್ಮೆ ಧಣಿಗೆ ಅಂಜುತ್ತಾನೆ.

1971ರಲ್ಲಿ ಮಾನಿಟರಿ ಅಥಾರಿಟಿ ಹುಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕ ತನ್ನ ಡಾಲರಿಗೆ ಚಿನ್ನ ಕೊಡುವುದಿಲ್ಲವೆಂದಿತು. ಮರುವರ್ಷ ಪೌಂಡು ತೇಲಿತು, 1973ರಲ್ಲಿ ಸಿಂಗಪುರದ ಡಾಲರೂ ತೇಲಿತು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ನಮ್ಮ ಕಥೆಗೆ ಮುಖ್ಯವಾದದ್ದು ಆ ದಶಕದಲ್ಲಿ ಎಲ್ಲ ಕಡೆ ಬೆಲೆಗಳು ಏರಿದ ರೀತಿ. ವರ್ಷಕ್ಕೆ ಶೇಕಡಾ 3ರಂತೆ ಬೆಲೆ ಏರಿದರೂ ಸಾಕು, ಪೆಟ್ಟಿಗೆಯಲ್ಲಿಟ್ಟ 100 ರೂಪಾಯಿಯ ಶಕ್ತಿ 24 ವರ್ಷಕ್ಕೆ ಅರ್ಧವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಅದು 3ಕ್ಕೆ ನಿಲ್ಲಲಿಲ್ಲ. ನಿಧಿಯ ಹಣವೆಲ್ಲ ಮೂರು ತಿಂಗಳು, ಆರು ತಿಂಗಳು ವಾಯಿದೆಯ ಹುಂಡಿಗಳಲ್ಲೂ ಬ್ಯಾಂಕಿನ ಠೇವಣಿಯಲ್ಲೂ ಇದ್ದರೆ ಅಂಕಿ ಬೆಳೆಯುತ್ತದೆ, ಹಣ ಕರಗುತ್ತದೆ.

ಗೋಹ್ ಅವರು ಕೇಳಿಕೊಂಡ ಪ್ರಶ್ನೆಯನ್ನು ನಮ್ಮ ಹಿರಿಯರೂ ಕೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಆಪತ್ತಿಗೆಂದು ಎಷ್ಟು ಇಡಬೇಕು? ಜ್ವರ ಬಂದರೆ, ಮಳೆ ತಪ್ಪಿದರೆ ಕೈಗೆ ಸಿಕ್ಕುವಷ್ಟು. ಅದಕ್ಕೂ ಮೀರಿದ್ದನ್ನು ಹಿತ್ತಲಲ್ಲಿ ಹೂತಿಟ್ಟರೆ ಅದು ಜಾಣತನವಲ್ಲ. ತೆಂಗಿನ ಸಸಿ ನೆಡಬೇಕು. ತೆಂಗು ಫಲಕ್ಕೆ ಬರಲು ವರ್ಷಗಳು ಬೇಕು, ನಡುವೆ ಒಂದೆರಡು ಸಸಿ ಸಾಯಲೂಬಹುದು. ಆ ಸಾವನ್ನು ತಾಳಿಕೊಳ್ಳುವ ಶಕ್ತಿ ಆಪತ್ತಿನ ಹಣ ಬೇರೆಯಾಗಿ ಇಟ್ಟವನಿಗೆ ಮಾತ್ರ ಉಂಟು.

1981ರ ಮೇ 22ರಂದು ಸಿಂಗಪುರ ಸರ್ಕಾರ ಈ ತೆಂಗಿನ ತೋಟಕ್ಕೆಂದೇ ಒಂದು ಕಾರ್ಪೊರೇಷನ್ ಸ್ಥಾಪಿಸಿತು. ಈಗ ಅದನ್ನು ಚಿಕ್ಕದಾಗಿ ಜಿ.ಐ.ಸಿ. ಎನ್ನುತ್ತಾರೆ. ಲಂಡನ್ನಿನ ರಾತ್‌ಸ್ಚೈಲ್ಡ್ ಮನೆತನದ ಬ್ಯಾಂಕಿನವರ ಸಲಹೆ ಪಡೆದಿದ್ದರು. ಪ್ರಧಾನಿ ಲೀ ಕ್ವಾನ್ ಯೂ ಅವರೇ ಅಧ್ಯಕ್ಷರಾದರು, 2011ರವರೆಗೂ ಆ ಸ್ಥಾನದಲ್ಲಿದ್ದರು. ಅಂದಿನಿಂದ ಕೆಲಸ ಹಂಚಿಹೋಯಿತು. ನಾಣ್ಯದ ಬೆಲೆ ಕಾಯಲು ಯಾವ ಗಳಿಗೆಯಲ್ಲಾದರೂ ಬೇಕಾಗುವ ಹಣ ಮಾನಿಟರಿ ಅಥಾರಿಟಿಯ ಕೈಯಲ್ಲಿ. ಅದು ಬೇಗ ಮಾರಿ ನಗದು ಮಾಡಬಹುದಾದ ಪತ್ರಗಳಲ್ಲೇ ಹೆಚ್ಚಾಗಿ ಇರಬೇಕು. ಮಿಕ್ಕದ್ದು ಜಿ.ಐ.ಸಿ.ಯ ಮೂಲಕ ಹೊರದೇಶಗಳ ಸರ್ಕಾರಿ ಸಾಲಪತ್ರ, ಕಂಪನಿಗಳ ಶೇರು, ಕಟ್ಟಡ, ರೇವು, ವಿಮಾನನಿಲ್ದಾಣಗಳಲ್ಲಿ ತೊಡಗುತ್ತದೆ. ಸಿಂಗಪುರದ ವಿಮಾನ ಕಂಪನಿ ಮೊದಲಾದ ಸರ್ಕಾರಿ ಉದ್ಯಮಗಳ ಪಾಲುದಾರಿಕೆ ನೋಡಿಕೊಳ್ಳಲು 1974ರಲ್ಲೇ ತೆಮಾಸೆಕ್ ಎಂಬ ಬೇರೊಂದು ಸಂಸ್ಥೆ ಬಂದಿತ್ತು. ಅದರ ಕಥೆ ಬೇರೆ.

ಎರಡು ಕೊಡಗಳ ನಡುವೆ ನೀರು ಹಾಯಿಸುವುದೂ ಉಂಟು. 2019ರ ಮೇ ತಿಂಗಳಲ್ಲಿ ಅಥಾರಿಟಿ ತನಗೆ ಅಗತ್ಯಕ್ಕಿಂತ ಹೆಚ್ಚಾಯಿತೆಂದು 4,500 ಕೋಟಿ ಸಿಂಗಪುರ ಡಾಲರನ್ನು ಸರ್ಕಾರದ ಮೂಲಕ ಜಿ.ಐ.ಸಿ.ಗೆ ದಾಟಿಸಿತು. ನಾಡಿನ ವಾರ್ಷಿಕ ಉತ್ಪನ್ನದ ಶೇಕಡಾ 65ರಿಂದ 75ರಷ್ಟು ತನ್ನ ಬಳಿ ಇದ್ದರೆ ಸಾಕೆಂಬುದು ಅದರ ಲೆಕ್ಕ. ‘ಸಾಕು’ ಎನ್ನುವಾಗಲೂ ಎಂಥ ಎಚ್ಚರಿಕೆ ನೋಡಿ! 1991ರಲ್ಲಿ ನಮ್ಮ ರಿಸರ್ವ್ ಬ್ಯಾಂಕು 47 ಟನ್ನು ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಒತ್ತೆಯಿಟ್ಟ ದಿನಗಳನ್ನು ಕಂಡವರಿಗೆ ಆ ಎಚ್ಚರಿಕೆ ಅತಿಯೆಂದು ಅನ್ನಿಸಲಾರದು.

ತೋಟದಲ್ಲಿ ಸಸಿ ಸತ್ತದ್ದೂ ಉಂಟು ಎಂದೆನಷ್ಟೆ. 2007ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಯು.ಬಿ.ಎಸ್. ಬ್ಯಾಂಕು ಅಮೆರಿಕದ ಮನೆಸಾಲಗಳ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಾಗ ಜಿ.ಐ.ಸಿ. ಅದಕ್ಕೆ 1,100 ಕೋಟಿ ಸ್ವಿಸ್ ಫ್ರಾಂಕು ಹಾಕಿತು. ಮರುತಿಂಗಳೇ ಅಮೆರಿಕದ ಸಿಟಿಗ್ರೂಪಿಗೆ 688 ಕೋಟಿ ಡಾಲರ್. ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು ಇನ್ನೂ ಅಗ್ಗವಾಯಿತು. 2009ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಜಿ.ಐ.ಸಿ.ಯ ಒಟ್ಟು ಹಣ ಸಿಂಗಪುರ ಡಾಲರಿನ ಲೆಕ್ಕದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಇಳಿದಿತ್ತು. ಸಿಟಿಗ್ರೂಪಿನ ವ್ಯವಹಾರದಲ್ಲಿ ಆ ವರ್ಷ ಸೆಪ್ಟೆಂಬರಿನಲ್ಲೇ ಚೇತರಿಸಿಕೊಂಡು ಅರ್ಧದಷ್ಟು ಪಾಲು ಮಾರಿ 160 ಕೋಟಿ ಡಾಲರ್ ಲಾಭ ತೆಗೆದರು. ಯು.ಬಿ.ಎಸ್. ಮಾತ್ರ ಚೇತರಿಸಲಿಲ್ಲ. 2017ರಲ್ಲಿ ಅದರ ಒಂದು ದೊಡ್ಡ ಭಾಗವನ್ನು ನಷ್ಟಕ್ಕೇ ಮಾರಿದರು. ಇಪ್ಪತ್ತು ವರ್ಷದ ಅಳತೆಗೋಲು ಹಿಡಿದವರಿಗೆ ಇಂಥ ಒಂದು ವರ್ಷ ಪ್ರಾಣ ತೆಗೆಯುವುದಿಲ್ಲ. ಜಗತ್ತಿನ ಬೆಲೆಯೇರಿಕೆಯನ್ನು ಕಳೆದು ಇಪ್ಪತ್ತು ವರ್ಷಗಳ ಸರಾಸರಿ ಗಳಿಕೆ 2023ರ ವರದಿಯಲ್ಲಿ ಶೇಕಡಾ 4.6 ಇತ್ತು, 2024ರಲ್ಲಿ 3.9. ಇದನ್ನು ಅದ್ಭುತವೆಂದು ನಾನು ಕರೆಯಲಾರೆ. ಆದರೆ ಕರಗಲಿಲ್ಲ, ಬೆಳೆಯಿತು. ಬೇಕಾದದ್ದೂ ಅದೇ.

ಈ ಬೆಳೆಯನ್ನು ಉಣ್ಣುವ ವಿಷಯದಲ್ಲಿ ಅವರು ಮಾಡಿಕೊಂಡಿರುವ ಕಟ್ಟುಪಾಡು ಗಮನಿಸತಕ್ಕದ್ದು. ನಿಧಿಯಿಂದ ದೀರ್ಘಕಾಲದಲ್ಲಿ ನಿರೀಕ್ಷಿಸಬಹುದಾದ ಗಳಿಕೆಯಲ್ಲಿ, ಬೆಲೆಯೇರಿಕೆ ಕಳೆದು, ಅರ್ಧದವರೆಗೆ ಮಾತ್ರ ಆ ವರ್ಷದ ಆಯವ್ಯಯಕ್ಕೆ ತೆಗೆದುಕೊಳ್ಳಬಹುದು. ಉಳಿದರ್ಧ ಮತ್ತೆ ಗಂಟಿಗೆ. ಆ ಅರ್ಧವೇ ಇಂದು ಸರ್ಕಾರದ ಖರ್ಚಿನ ಸುಮಾರು ಐದನೆಯ ಒಂದು ಪಾಲಿಗೆ ಒದಗುತ್ತದೆ. ಗಂಟನ್ನೇ ಮುಟ್ಟಬೇಕಾದರೆ ಮಂತ್ರಿಮಂಡಲ ಒಂದೇ ಸಾಲದು, ಜನ ನೇರವಾಗಿ ಚುನಾಯಿಸುವ ಅಧ್ಯಕ್ಷರ ಒಪ್ಪಿಗೆಯೂ ಬೇಕು. 1991ರ ತಿದ್ದುಪಡಿ ಇದು. ಪೆಟ್ಟಿಗೆಗೆ ಎರಡು ಬೀಗ, ಎರಡು ಕೈಯಲ್ಲಿ ಎರಡು ಬೀಗದಕೈ. 2009ರಲ್ಲಿ 490 ಕೋಟಿ ಸಿಂಗಪುರ ಡಾಲರಿಗೆ ಒಪ್ಪಿಗೆ ಸಿಕ್ಕಿತು, ತೆಗೆದದ್ದನ್ನು 2011ರಲ್ಲಿ ವಾಪಸು ಇಟ್ಟರು. 2020ರ ಸಾಂಕ್ರಾಮಿಕದಲ್ಲಿ 5,200 ಕೋಟಿಯವರೆಗೆ ಅನುಮತಿ ಕೇಳಬೇಕಾಯಿತು. ಕೂಲಿ ನಿಂತವರಿಗೆ, ಮುಚ್ಚಿದ ಅಂಗಡಿಯವರಿಗೆ ಆ ಹಣ ಸಾಲವಿಲ್ಲದೆ ಮುಟ್ಟಿತು.

ಇಷ್ಟಾದರೂ ಅಲ್ಲಿಯ ಜನರಲ್ಲಿ ಅಸಮಾಧಾನ ಇಲ್ಲದೆ ಇಲ್ಲ. ಪ್ರಾವಿಡೆಂಟ್ ಫಂಡಿನ ಸಾಮಾನ್ಯ ಖಾತೆಗೆ ಬಹುಕಾಲದಿಂದ ಸಿಕ್ಕುತ್ತಿರುವ ಬಡ್ಡಿ ಶೇಕಡಾ 2.5, ನಿವೃತ್ತಿಗೆಂದೇ ಇಟ್ಟ ಖಾತೆಗೆ 4. ನಮ್ಮ ಹಣ ಹೊರಗೆ ದುಡಿದು ಹೆಚ್ಚು ತರುವಾಗ ನಮಗೆ ಇಷ್ಟೇ ಏಕೆ, ವಯಸ್ಸಾದ ಮೇಲೂ ಪೂರ್ತಿ ಕೈಗೆ ಕೊಡುವುದಿಲ್ಲವೇಕೆ ಎಂದು ಕೇಳಿ 2014ರ ಜೂನಿನಲ್ಲಿ ಹಾಂಗ್ ಲಿಮ್ ಉದ್ಯಾನದಲ್ಲಿ ಜನ ಸೇರಿದ್ದರು. ಸರ್ಕಾರದ ಉತ್ತರ: ಶೇರುಪೇಟೆ ಬಿದ್ದ ವರ್ಷವೂ ನಿಮ್ಮ ಬಡ್ಡಿ ತಪ್ಪಲಿಲ್ಲ, ನಷ್ಟದ ಭಾರ ನಮ್ಮದು. 2009ನ್ನು ನೆನೆದರೆ ಈ ಉತ್ತರದಲ್ಲಿ ನ್ಯಾಯವಿದೆ. ಆದರೆ ಇಪ್ಪತ್ತು ವರ್ಷದ ಅಳತೆಗೋಲು ಸರ್ಕಾರಕ್ಕೆ ಸಲ್ಲುವುದಾದರೆ ಮೂವತ್ತು ವರ್ಷ ದುಡಿಯುವ ಕೆಲಸಗಾರನಿಗೂ ಅದು ಸಲ್ಲಬೇಡವೆ ಎಂಬ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ದೂರು, ಗಂಟು ಎಷ್ಟಿದೆಯೆಂದು ಯಾರಿಗೂ ತಿಳಿಸುವುದಿಲ್ಲ ಎಂಬುದು. ಅಥಾರಿಟಿಯ ಲೆಕ್ಕ ಪ್ರಕಟವಾಗುತ್ತದೆ, ತೆಮಾಸೆಕಿನದೂ ಆಗುತ್ತದೆ. ಜಿ.ಐ.ಸಿ.ಯದು ಮಾತ್ರ ‘10,000 ಕೋಟಿ ಅಮೆರಿಕನ್ ಡಾಲರಿಗಿಂತ ಬಹಳ ಹೆಚ್ಚು’ ಎನ್ನುವುದರಾಚೆ ಹೋಗುವುದಿಲ್ಲ. ನಾಣ್ಯದ ಮೇಲೆ ಜೂಜುಗಾರರು ಎರಗಿದಾಗ ನಮ್ಮ ಬಲವೆಷ್ಟೆಂದು ಅವರಿಗೆ ತಿಳಿದಿರಬಾರದು ಎಂಬುದು ಸರ್ಕಾರದ ವಾದ. ಇಸ್ಪೀಟಾಟ ಬಲ್ಲವರು ಇದನ್ನು ಒಪ್ಪಿಯಾರು.

ಆದರೆ ಎರಡನೆಯ ಬೀಗದಕೈ ಹಿಡಿದವರಿಗೂ ಈ ತೊಡಕು ತಪ್ಪಲಿಲ್ಲ. 1993ರಲ್ಲಿ ಜನ ಚುನಾಯಿಸಿದ ಮೊದಲ ಅಧ್ಯಕ್ಷರು ಓಂಗ್ ಟೆಂಗ್ ಚಿಯಾಂಗ್. ವಾಸ್ತುಶಿಲ್ಪಿ, ಮೊದಲು ಉಪಪ್ರಧಾನಿಯಾಗಿದ್ದವರು. ಕಾಯಬೇಕಾದ ಆಸ್ತಿಯಾದರೂ ಏನೇನಿದೆ ಎಂದು ಅವರು ಕೇಳಿದರು. ಸರ್ಕಾರದ ಕಟ್ಟಡ, ಜಮೀನುಗಳಿಗೆಲ್ಲ ಬೆಲೆ ಕಟ್ಟಿಕೊಡಲು ಒಬ್ಬನ ದುಡಿಮೆಯ ಲೆಕ್ಕದಲ್ಲಿ 56 ವರ್ಷ ಹಿಡಿಯುತ್ತದೆ ಎಂದು ಲೆಕ್ಕದವರು ತಿಳಿಸಿದರು. ಬೆಲೆ ಬೇಡ, ಬರೀ ಪಟ್ಟಿ ಕೊಡಿ ಎಂದರು ಅವರು. ಕೆಲವು ತಿಂಗಳ ಮೇಲೆ ಪಟ್ಟಿ ಬಂತು. ಅದೂ ಪೂರ್ತಿಯಾಗಿರಲಿಲ್ಲವೆಂದು 1999ರಲ್ಲಿ ಅಧಿಕಾರದ ಅವಧಿ ಮುಗಿಸಿದ ಮೇಲೆ ಅವರೇ ಹೇಳಿಕೊಂಡರು.